ಸ್ವಯಂಪಾಕ

ಸ್ವಯಂಪಾಕ ಎಂಬ ಮಾತನ್ನು ಈಗ ಯಾರೂ ಆಡುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿದರೆ ‘ಅದು ಯಾವ ಸಮಾಸ ಮಿಸ್?’ ಎಂದು ತಿರುಗಿ ಕೇಳುತ್ತಾರೆ. ನನ್ನ ಅಜ್ಜಿಯ ಬಾಯಲ್ಲಿ ಮಾತ್ರ ಅದು ಉಪ್ಪು ಮೆಣಸಿನಷ್ಟೇ ಸಹಜವಾದ ಮಾತಾಗಿತ್ತು. ಪರಸ್ಥಳಕ್ಕೆ ಹೋದವರು ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡು ಉಣ್ಣುವುದು ಸ್ವಯಂಪಾಕ. ಇನ್ನೊಬ್ಬರು ಬೇಯಿಸಿದ್ದನ್ನು ಉಣ್ಣದವರಿಗೆ ಅಕ್ಕಿ, ಬೇಳೆ, ತರಕಾರಿ, ತುಪ್ಪಗಳನ್ನು ಹಸಿಯಾಗಿಯೇ ಎತ್ತಿಕೊಡುತ್ತಿದ್ದರಲ್ಲ, ಆ ಸಾಮಗ್ರಿಗೂ ಅದೇ ಹೆಸರು.

ಈಚೆಗೆ ನಮ್ಮ ಕರಾವಳಿಯಲ್ಲಿ ಅಡುಗೆಮನೆಯ ಸಮೇತ ಬಾಡಿಗೆಗೆ ಸಿಗುವ ಸಣ್ಣ ಮನೆಗಳು ಎಲ್ಲೆಲ್ಲೂ ಎದ್ದಿವೆ. ಕಾರವಾರದಿಂದ ಮಲ್ಪೆಯವರೆಗೆ ಅಲೆಯ ಸದ್ದು ಕೇಳುವಷ್ಟು ದೂರದಲ್ಲಿ ಹಂಚಿನ ಮಾಡು, ಎರಡು ಮಲಗುವ ಕೋಣೆ, ಗ್ಯಾಸ್ ಒಲೆ, ನಾಲ್ಕು ಪಾತ್ರೆ. ಬಂದವರು ತಾವೇ ಬೇಯಿಸಿಕೊಳ್ಳಬೇಕು. ಇದಕ್ಕೆ ‘ಸೆಲ್ಫ್ ಕೇಟರಿಂಗ್ ಕಾಟೇಜ್’ ಎಂದು ಹೆಸರು. ಇಂಗ್ಲೆಂಡಿನಲ್ಲಿ ಕೂಲಿಕಾರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು 1938ರಲ್ಲಿ ಕಾನೂನಾಯಿತು. ಆಮೇಲೆ ಅಲ್ಲಿಯ ಸಾಮಾನ್ಯ ಕುಟುಂಬಗಳೂ ಬೇಸಿಗೆಯ ಒಂದು ವಾರ ಸಮುದ್ರದ ದಡದಲ್ಲಿ ಮನೆ ಹಿಡಿಯುವುದು ಬಲವಾಯಿತು. ನಮ್ಮವರು ಅದನ್ನು ನೋಡಿ ಕಲಿತರು ಎನ್ನುವವರಿದ್ದಾರೆ. ಹೆಸರನ್ನು ಕಲಿತಿರಬಹುದು. ಬುತ್ತಿ, ದಿನಸಿ, ಪಾತ್ರೆಪಗಡ ಹೊತ್ತುಕೊಂಡು ಹೋಗಿ ಬಾಡಿಗೆಯ ಸೂರಿನಡಿಯಲ್ಲಿ ಒಲೆ ಹಚ್ಚುವುದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಚೇಳೂರಿನಿಂದ ಸಮುದ್ರ ಬಲು ದೂರ. ಯಾವ ಘಟ್ಟ ಇಳಿದರೂ ಸುಮಾರು ಮುನ್ನೂರು ಕಿಲೋಮೀಟರು. ನಮ್ಮದು ತೆಂಗು, ಅಡಿಕೆ, ರಾಗಿ, ಹಲಸಿನ ಸೀಮೆ; ನೀರೆಂದರೆ ಕೆರೆಯ ನೀರು, ಅದೂ ತುಂಬಿದ ವರ್ಷಕ್ಕೆ. ಆದರೆ ದಾರಿ ನಡೆಯುವವರ ಕಥೆ ನಮ್ಮ ತಾಲ್ಲೂಕಿಗೆ ಹೊಸದಲ್ಲ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೆ ಬಂದು ಇಲ್ಲಿಯ ವ್ಯಾಪಾರವನ್ನು ಬರೆದಿಟ್ಟ. ಮರುವರ್ಷ ಆತ ಕೆನರಾ ಕರಾವಳಿಯ ಗೋಕರ್ಣವನ್ನೂ ಕಂಡ. ಅಂಥ ಅಧಿಕಾರಿಗೆ ಡೇರೆಯಿತ್ತು, ಆಳುಗಳಿದ್ದರು. ಅದೇ ದಾರಿಯಲ್ಲಿ ಹೇರೆತ್ತು ಹೊಡೆದುಕೊಂಡು ಹೋಗುತ್ತಿದ್ದ ವ್ಯಾಪಾರಿಗಳಿಗೆ ಇದ್ದದ್ದು ಅರಳಿಕಟ್ಟೆ, ಊರ ಮುಂದಿನ ಮಂಟಪ, ಬೇಸಿಗೆಯಾದರೆ ಒಂದು ಅರವಟ್ಟಿಗೆ. ಮೂರು ಕಲ್ಲು ಹೂಡಿದರೆ ಒಲೆಯಾಯಿತು. ಹಳೆಯ ಮಂಟಪಗಳ ಗೋಡೆಗೆ ಹತ್ತಿದ ಮಸಿಯನ್ನು ನೋಡಿದಾಗಲೆಲ್ಲ ನನಗೆ ಇದೂ ಒಂದು ಶಾಸನವೇ ಅಲ್ಲವೇ ಅನ್ನಿಸುತ್ತದೆ. ನಾನು ಸಮಾಜ ವಿಜ್ಞಾನ ಕಲಿಸುವವಳು. ಕಲ್ಲಿನ ಮೇಲೆ ಏನಿದ್ದರೂ ಓದಬೇಕೆನ್ನುವ ಚಪಲ.

ಛತ್ರಗಳು ಈ ಮೂರು ಕಲ್ಲಿನ ಒಲೆಗೆ ಗೋಡೆ ಕಟ್ಟಿಕೊಟ್ಟವು. ಸತ್ರ ಎಂಬುದೇ ಬಾಯಿಂದ ಬಾಯಿಗೆ ಛತ್ರವಾಯಿತೆಂದು ಬಲ್ಲವರು ಹೇಳುತ್ತಾರೆ. ಈ ವಿಷಯದಲ್ಲಿ ನಮ್ಮ ತಾಲ್ಲೂಕಿನವರು ಸ್ವಲ್ಪ ಬೀಗುವುದಕ್ಕೆ ಕಾರಣವಿದೆ. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿಗೆ ಹೋಗಿ ವ್ಯಾಪಾರದಲ್ಲಿ ಮೇಲೆ ಬಂದರು. 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಜಾಗ ಕೊಂಡು ಪ್ರಯಾಣಿಕರಿಗಾಗಿ ಧರ್ಮಛತ್ರ ಕಟ್ಟಿಸಿದರು. ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿ ನಿಲಯವನ್ನೂ ನಡೆಸಿದರು. 1910ರಲ್ಲಿ ಅವರು ತೀರಿಕೊಂಡರು. ಮೆಜೆಸ್ಟಿಕ್‌ನಲ್ಲಿ ಆ ರಸ್ತೆಗೆ ಇಂದಿಗೂ ಅವರದೇ ಹೆಸರು. ರೈಲು ಬಂದ ಮೇಲೆ ಜನ ಒಂದೇ ದಿನದಲ್ಲಿ ಹತ್ತು ಹಗಲಿನ ದಾರಿ ದಾಟತೊಡಗಿದ್ದರು. ಇಳಿದ ಊರಿನಲ್ಲಿ ನೆಂಟರಿಲ್ಲದಿದ್ದರೆ ತಲೆ ಎಲ್ಲಿಡಬೇಕು? ಅದನ್ನು ಕಂಡುಕೊಂಡವರು ವ್ಯಾಪಾರಿಯೇ ಆಗಿದ್ದದ್ದು ಸಹಜ. ಸಂತೆಯಿಂದ ಸಂತೆಗೆ ತಿರುಗಿದವರಿಗೆ ರಾತ್ರಿಯ ಬೆಲೆ ಗೊತ್ತಿರುತ್ತದೆ.

ಛತ್ರದ ಏರ್ಪಾಡು ಸರಳವಾದದ್ದು. ಒಂದು ಕೋಣೆ, ಚಾಪೆ, ಸೇದುವ ಬಾವಿ, ಹಿಂದುಗಡೆ ಸಾಲಾಗಿ ಒಲೆಗಳು. ಎಷ್ಟೋ ಛತ್ರಗಳಲ್ಲಿ ಪಾತ್ರೆಗಳನ್ನೂ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತಿದ್ದರು. ಧರ್ಮ ದೊಡ್ಡದಾದ ಕಡೆ ಪಡಿ ಕೊಡುತ್ತಿದ್ದರು, ಅಂದರೆ ತಲೆಗಿಷ್ಟು ಅಕ್ಕಿ, ಇಷ್ಟು ಬೇಳೆ. ಅಕ್ಕಿ ಕೊಡುವಷ್ಟು ಕರುಣೆ ಇದ್ದವರು ಅನ್ನವನ್ನೇ ಯಾಕೆ ಕೊಡಲಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಅನ್ನ ಕೊಟ್ಟ ಕಡೆಗಳೂ ಇದ್ದವು. ನಮ್ಮ ತುಮಕೂರಿನ ಸಿದ್ಧಗಂಗೆಯ ದಾಸೋಹದಲ್ಲಿ ಇಂದಿಗೂ ಸಾವಿರಾರು ಮಕ್ಕಳು ಜಾತಿಯ ಹಂಗಿಲ್ಲದೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಧರ್ಮಸ್ಥಳದ ಅನ್ನಛತ್ರ ಎಲ್ಲರಿಗೂ ಗೊತ್ತು. ಆದರೆ ಬಹುಪಾಲು ಛತ್ರಗಳು ಪಡಿಯಲ್ಲೇ ನಿಂತವು. ಬೇಯದ ಅಕ್ಕಿಗೆ ಮೈಲಿಗೆಯಿಲ್ಲ, ಬೆಂದ ಅನ್ನಕ್ಕೆ ಉಂಟು. ಅಕ್ಕಿ ಯಾರ ಗದ್ದೆಯದು, ಯಾರು ನಾಟಿ ಮಾಡಿದರು, ಯಾರು ಕುಟ್ಟಿದರು ಎಂದು ಯಾರೂ ಕೇಳುತ್ತಿರಲಿಲ್ಲ. ಎಸರಿಗೆ ಹಾಕಿದವರು ಯಾರು ಎಂಬುದೊಂದೇ ಪ್ರಶ್ನೆ. ಸ್ವಯಂಪಾಕದ ಬೇರು ಇಲ್ಲಿದೆ. ಅದರಲ್ಲಿ ಮಿತವ್ಯಯವೂ ಇತ್ತು, ಹೋಟೆಲುಗಳಿಲ್ಲದ ಕಾಲದ ಅನಿವಾರ್ಯವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಮನೆಯ ಒಲೆಯ ಕಟ್ಟಳೆಯನ್ನು ಹೋದಲ್ಲಿಗೆಲ್ಲ ಹೊತ್ತುಕೊಂಡು ಹೋಗುವ ಹಟವಿತ್ತು.

ಬುತ್ತಿ ಕೈಯಲ್ಲೇ ಇದ್ದೂ ಉಪವಾಸ ಮಲಗಿದವರ ಕಥೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. 1901ರಲ್ಲಿ ಬಾಲಕ ಅಂಬೇಡ್ಕರ್ ತನ್ನ ಅಣ್ಣ ಮೊದಲಾದವರೊಡನೆ ಸಾತಾರಾದಿಂದ ತಂದೆ ಕೆಲಸದಲ್ಲಿದ್ದ ಊರಿಗೆ ಹೊರಟಿದ್ದ. ರೈಲು ಇಳಿದ ಮೇಲೆ ಇವರ ಜಾತಿ ತಿಳಿದು ಗಾಡಿ ಹೊಡೆಯಲು ಯಾರೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗುವ ಕರಾರಾಯಿತು. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದರು. ಮನೆಯಿಂದ ಕಟ್ಟಿಕೊಟ್ಟ ಊಟ ಬುಟ್ಟಿಯಲ್ಲಿತ್ತು. ಕುಡಿಯುವ ನೀರು ಮಾತ್ರ ಸಿಗಲಿಲ್ಲ. ನೀರಿಲ್ಲದೆ ತಿನ್ನಲಾಗದು, ಊಟವನ್ನು ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. ‘ವೀಸಾಗಾಗಿ ಕಾಯುತ್ತ’ ಎಂಬ ಪುಟ್ಟ ಬರಹದಲ್ಲಿ ಅವರು ಇದನ್ನು ಹೇಳಿಕೊಂಡಿದ್ದಾರೆ. ಸ್ವಯಂಪಾಕಕ್ಕೆ ಅಕ್ಕಿಗಿಂತ ಮೊದಲು ಬಾವಿ ಬೇಕು, ಬಾವಿಯ ಹಗ್ಗಕ್ಕೆ ಕೈ ಹಾಕುವ ಹಕ್ಕು ಬೇಕು.

ಸಂವಿಧಾನದ 15ನೆಯ ಮತ್ತು 17ನೆಯ ವಿಧಿಗಳನ್ನು ಎಲ್ಲರೂ ಓದಿರುತ್ತಾರೆ. ಆದರೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು ಪೂರ್ತಿ ಓದಿದವರು ಕಡಿಮೆ. 1976ರಿಂದ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎನ್ನಿಸಿಕೊಂಡಿದೆ. ಅದರ ನಾಲ್ಕನೆಯ ಪ್ರಕರಣದಲ್ಲಿ ಹೋಟೆಲು, ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರು ಹೇಳಿ, ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ನೆಪದಲ್ಲಿ ತಡೆಯುವುದೂ ಅಪರಾಧವೆಂದು ಬರೆದಿದೆ. ದೆಹಲಿಯಲ್ಲಿ ಕೂತು ಕಾಯಿದೆ ಬರೆದವರು ಛತ್ರದ ಚೊಂಬು ತಪ್ಪಲೆಯನ್ನು ನೆನಪಿಟ್ಟುಕೊಂಡಿದ್ದರಲ್ಲ ಎಂದು ನನಗೆ ಯಾವಾಗಲೂ ಬೆರಗು. ಪೆಟ್ಟು ತಿಂದವರು ಹೇಳಿಕೊಡದೆ ಇಂಥ ಮಾತು ಕಾಯಿದೆಯೊಳಕ್ಕೆ ಬರುವುದಿಲ್ಲ.

ಕರಾವಳಿಗೆ ಬರೋಣ. ಸಮುದ್ರದ ಚೆಲುವಿಗಾಗಿಯೇ ಅಲ್ಲಿ ಹೋಗಿ ಇರುವುದು ಮೊದಲು ದೊಡ್ಡವರ ಬಾಬತ್ತು. ಬ್ರಿಟಿಷರ ಪ್ರವಾಸಿ ಬಂಗಲೆಗಳಿದ್ದವು. ಖಾನಸಾಮನೋ ಬಟ್ಲರನೋ ಸಾಹೇಬರಿಗೆ ಬೇಯಿಸಿ ಹಾಕುತ್ತಿದ್ದ. ಐ.ಸಿ.ಎಸ್. ಪಾಸು ಮಾಡಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲ ವರ್ಷಗಳಲ್ಲಿ, ತಮ್ಮ ರವೀಂದ್ರನಾಥರು ಬಂದು ಅವರಲ್ಲಿ ಉಳಿದಿದ್ದರು. ಇಪ್ಪತ್ತರ ಚಿಲ್ಲರೆ ಪ್ರಾಯ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಕೋಟೆಯೊಂದನ್ನು ನೋಡಿ, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿದ್ದನ್ನು ಅವರು ತಮ್ಮ ಜೀವನ ಸ್ಮೃತಿಯಲ್ಲಿ ಬರೆದಿದ್ದಾರೆ. ಉಂಡದ್ದು ತಾವೇ ಕಟ್ಟಿಕೊಂಡು ಹೋಗಿದ್ದ ತಿಂಡಿಯನ್ನು. ಕಾರವಾರದ ಕಡಲತೀರಕ್ಕೆ ಈಗ ಅವರ ಹೆಸರೇ ಇದೆ. ನನ್ನ ಮನಸ್ಸು ಮಾತ್ರ ಬೆಳದಿಂಗಳನ್ನು ಬಿಟ್ಟು ಬುತ್ತಿಯ ಕಡೆಗೆ ಓಡುತ್ತದೆ. ಅದನ್ನು ಕಟ್ಟಿದ ಕೈ ಯಾವುದು? ಆ ಕೈಯವಳು ದೋಣಿಯಲ್ಲಿದ್ದಳೋ, ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳೋ?

ಈ ಕೊಂಕು ಪ್ರಶ್ನೆ ಬರುವುದಕ್ಕೆ ನನ್ನ ಅಮ್ಮನೇ ಕಾರಣ. 1980ರ ಸುಮಾರಿಗೆ, ನಾನು ಹತ್ತು ಹನ್ನೊಂದರ ಹುಡುಗಿಯಾಗಿದ್ದಾಗ, ನಮ್ಮ ಮನೆಯವರೆಲ್ಲ ಗೋಕರ್ಣಕ್ಕೆ ಹೋಗಿದ್ದೆವು. ಗುಬ್ಬಿಯಲ್ಲಿ ರೈಲು ಹತ್ತಿ ಬೀರೂರಿನಲ್ಲಿ ಬದಲಾಯಿಸಿ ಶಿವಮೊಗ್ಗದ ಮೇಲೆ ತಾಳಗುಪ್ಪ. ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಹೊನ್ನಾವರ, ಕುಮಟೆ. ಲಿಂಗಪೂಜೆಯಾಗದೆ ಅಜ್ಜಿ ನೀರೂ ಮುಟ್ಟುವವರಲ್ಲ, ಮನೆಯವರು ಮಾಡಿದ್ದಲ್ಲದೆ ಬೇರೆಯವರದನ್ನು ಉಣ್ಣುವವರಲ್ಲ. ಹೀಗಾಗಿ ನಮ್ಮ ಸಾಮಾನಿನಲ್ಲಿ ಬಟ್ಟೆಗಿಂತ ದಿನಸಿಯೇ ಹೆಚ್ಚು. ಅಕ್ಕಿ ಚೀಲ, ರಾಗಿ ಹಿಟ್ಟು, ಹುರಿಹಿಟ್ಟು, ಬೆಲ್ಲ, ಖಾರದಪುಡಿ, ಪಂಪ್ ಸ್ಟೌ, ಸೀಮೆಎಣ್ಣೆಯ ಡಬ್ಬ, ಮುದ್ದೆ ತೊಳೆಸುವ ಕೋಲು ಸಹ. ಗೋಕರ್ಣದಲ್ಲಿ ಯಾತ್ರಿಕರು ಉಪಾಧಿವಂತರ ಮನೆಗಳಲ್ಲೂ ಸುತ್ತಿನ ಮನೆಗಳಲ್ಲೂ ಇಳಿದುಕೊಳ್ಳುವುದು ಹಳೆಯ ರೂಢಿ. ನಮಗೂ ಒಂದು ಮನೆಯ ಹಿತ್ತಲ ಕೋಣೆ ಸಿಕ್ಕಿತು. ಮೂರು ದಿನ ಇದ್ದೆವು. ಅಪ್ಪ, ಚಿಕ್ಕಪ್ಪ, ನಾವು ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಮರಳಿನಲ್ಲಿ ಬಿದ್ದಿದ್ದೆವು. ಹಸಿವಾದಾಗ ಓಡಿ ಬಂದರೆ ಎಲೆ ಹಾಕಿರುತ್ತಿತ್ತು. ಅಮ್ಮ ಮೊದಲ ದಿನ ಎಲ್ಲರೊಂದಿಗೆ ಸ್ನಾನಕ್ಕೆ ಬಂದು ಮೂರು ಮುಳುಗು ಹಾಕಿ ಹೋದವರು ಮತ್ತೆ ದಡಕ್ಕೆ ಬರಲಿಲ್ಲ. ಹನ್ನೊಂದು ಜನರ ಅಡುಗೆ, ಗೊರ್ರೆನ್ನುವ ಸ್ಟೌ, ಸೇದುವ ನೀರು. ಬಹಳ ವರ್ಷಗಳ ಮೇಲೆ, ಸಮುದ್ರ ಹೇಗಿತ್ತಮ್ಮ ಎಂದು ನಾನು ಕೇಳಿದ್ದಕ್ಕೆ ‘ರಾತ್ರಿಯೆಲ್ಲ ಸದ್ದು ಕೇಳ್ತಿತ್ತು ಕಣೇ’ ಎಂದರು.

ಇಲ್ಲೊಂದು ತಮಾಷೆಯಿದೆ. ಘಟ್ಟದ ಮೇಲಿನ ನಾವು ಅಕ್ಕಿ ಚೀಲ ಹೊತ್ತು ಕರಾವಳಿಗೆ ಇಳಿಯುತ್ತಿದ್ದರೆ, ಕರಾವಳಿಯವರು ಸೌಟು ಹಿಡಿದು ಘಟ್ಟ ಹತ್ತಿ ನಮಗೆ ಬೇಯಿಸಿ ಹಾಕುತ್ತಿದ್ದರು. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಪುಟ್ಟ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆದದ್ದು. ಉಡುಪಿ ಹೋಟೆಲೆಂದರೆ ದೋಸೆ ಕಾಫಿ ಎಂದಷ್ಟೇ ತಿಳಿದವರಿದ್ದಾರೆ. ಪರಸ್ಥಳದಲ್ಲಿ ಬೇಯಿಸುವ ಭಾರವನ್ನು ನಮ್ಮ ಹೆಂಗಸರ ತಲೆಯಿಂದ ಮೊದಲು ಇಳಿಸಿದ್ದು ಆ ಹೋಟೆಲುಗಳು. ಭಟ್ಟರು ಮಾಡಿದ್ದಾದರೆ ತಿನ್ನಬಹುದು ಎಂದು ಅನೇಕ ಮನೆಗಳು ಒಪ್ಪಿಕೊಂಡವು. ಅಲ್ಲಿಯೂ ಜಾತಿಯ ಲೆಕ್ಕ ಇದ್ದೇ ಇತ್ತೆನ್ನಿ. ಆರಂಭದ ದಿನಗಳಲ್ಲಿ ಕೆಲವು ಹೋಟೆಲುಗಳು ಬ್ರಾಹ್ಮಣರಿಗೆಂದು ಬೇರೆಯೇ ಜಾಗ ಇಟ್ಟಿರುತ್ತಿದ್ದವು. ಆದರೂ ಕಾಸು ಕೊಟ್ಟವನಿಗೆ ಕಾಫಿ ಎಂಬ ಹೋಟೆಲಿನ ನ್ಯಾಯ ನಿಧಾನವಾಗಿ ಆ ಗೋಡೆಗಳನ್ನು ಕರಗಿಸಿತು.

1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಮುರ್ಡೇಶ್ವರದಲ್ಲಿ 123 ಅಡಿಯ ಶಿವ ಎದ್ದು ಕೂತ. 2020ರಲ್ಲಿ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ ಶುಚಿಯಾದ ಕಡಲತೀರಗಳೆಂದು ನೀಲಿ ಬಾವುಟ ಸಿಕ್ಕಿತು. ಯಾತ್ರೆ ಹೋಗುತ್ತಿದ್ದವರು ಪ್ರವಾಸ ಹೋಗತೊಡಗಿದರು. ಹೋಟೆಲು, ರೆಸಾರ್ಟು ಎಲ್ಲ ಆದ ಮೇಲೆ ಈಗ ಚಕ್ರ ತಿರುಗಿ ಮತ್ತೆ ಒಲೆಯಿರುವ ಮನೆಗೇ ಬಂದಿದ್ದೇವೆ.

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ನಾವು ಐವರು ಶಿಕ್ಷಕಿಯರು ಅಂಥ ಒಂದು ಮನೆಯನ್ನು ನಾಲ್ಕು ದಿನಕ್ಕೆ ಹಿಡಿದೆವು. ಗಂಡಂದಿರಿಲ್ಲ, ಮಕ್ಕಳಿಲ್ಲ. ಹೋಟೆಲಿಗಿಂತ ಅಗ್ಗವೆಂಬುದು ಮೊದಲ ಕಾರಣ. ನಮ್ಮಲ್ಲಿಬ್ಬರಿಗೆ ಸಕ್ಕರೆ ಕಾಯಿಲೆ, ರಾಗಿ ಬೇಕು ಎಂಬುದು ಎರಡನೆಯದು. ಮೊದಲು ಫೋನು ಮಾಡಿದ ಮನೆಯ ಯಜಮಾನರು ಬಾಡಿಗೆ, ಮುಂಗಡ ಎಲ್ಲ ಹೇಳಿ, ಕೊನೆಗೆ ‘ಅಡುಗೆಮನೆ ಕೊಡ್ತೇವೆ, ಅದಕ್ಕೆ ಕೇಳೋದು, ನೀವು ಯಾವ ಜನ?’ ಎಂದರು. ಫೋನು ಸ್ಪೀಕರಿನಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಐವರೂ ಕೂತಿದ್ದೆವು. ನಮ್ಮ ವಿಜ್ಞಾನದ ಮೇಡಂ ಪರಿಶಿಷ್ಟ ಜಾತಿಯವರು. ಇಪ್ಪತ್ತೆರಡು ವರ್ಷದಿಂದ ನನ್ನ ಪಕ್ಕದ ಕುರ್ಚಿಯವರು. ಅವರು ಕೈ ಚಾಚಿ ಫೋನು ತೆಗೆದುಕೊಂಡು ‘ನಾವು ಟೀಚರ್ ಜನ ಸಾರ್’ ಎಂದು ಹೇಳಿ ಕರೆ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ‘ನಿಮ್ಮ ನಾಲ್ಕನೇ ಪ್ರಕರಣ ಇಲ್ಲೇ ಇದೆ ನೋಡಿ ಮೇಡಂ’ ಎಂದರು. ನಕ್ಕರು ಸಹ. ಆ ನಗುವಿನಲ್ಲಿ ಸೇರಿಕೊಳ್ಳಲು ನಮಗೆ ಯಾರಿಗೂ ಆಗಲಿಲ್ಲ.

ಎರಡನೆಯ ಮನೆ ಕುಮಟೆಯ ಕಡೆಯದು. ಒಡತಿ ಅರವತ್ತು ದಾಟಿದ ಹೆಂಗಸು. ‘ಎಷ್ಟು ಜನ? ಸಿಲಿಂಡರ್ ತುಂಬಿಸಿಟ್ಟಿದ್ದೆ. ಅಕ್ಕಿ ನಿಮ್ಮದು, ತೆಂಗಿನಕಾಯಿ ನಮ್ಮದು. ಅಡ್ಡಿಲ್ಲ, ಬನ್ನಿ’ ಎಂದರು. ಬಾಡಿಗೆ ಗಾಡಿಯಲ್ಲಿ ಸೋನಾಮಸೂರಿ, ರಾಗಿ ಹಿಟ್ಟು, ಹುರುಳಿಕಾಳು, ನಮ್ಮೂರ ಹಲಸಿನ ಹಪ್ಪಳ ಕಟ್ಟಿಕೊಂಡು ಹೋದೆವು. ನನ್ನ ಅಮ್ಮನನ್ನು ನೆನೆದು ನಾನೊಂದು ಕಾನೂನು ಮಾಡಿದ್ದೆ: ದಿನಕ್ಕೆ ಒಂದೇ ಅಡುಗೆ, ಇಬ್ಬರು ಮಾತ್ರ ಅಡುಗೆಮನೆಯಲ್ಲಿ, ಉಳಿದ ಮೂವರು ಕಡ್ಡಾಯವಾಗಿ ದಡದಲ್ಲಿ, ರಾತ್ರಿಗೆ ಉಳಿದದ್ದೇ ಊಟ. ಅಡುಗೆಯ ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಮೇಷ್ಟ್ರುಗಳ ಬುದ್ಧಿ, ರಜೆಯಲ್ಲೂ ಟೈಮ್ ಟೇಬಲ್ ಬೇಕು.

ಎರಡನೆಯ ದಿನ ಮೀನಿನ ಬುಟ್ಟಿ ಹೊತ್ತ ಹೆಂಗಸು ಬಾಗಿಲಿಗೆ ಬಂದಳು. ಮೇಡಂ ಬಂಗಡೆ ಕೊಂಡರು. ಅವತ್ತು ಅಡುಗೆಯ ಸರದಿ ಅವರದು ಮತ್ತು ನನ್ನದು. ಮನೆಯಲ್ಲಿದ್ದದ್ದು ಎರಡು ಉರಿಯ ಒಂದೇ ಒಲೆ. ಅವರು ಮೀನು ತೊಳೆದು ತಂದು, ಏನೂ ಕೇಳದೆ, ಸುಮ್ಮನೆ ನನ್ನ ಕಡೆ ನೋಡಿದರು. ನಾನು ಹುರುಳಿ ಬಸ್ಸಾರಿನ ಪಾತ್ರೆಯನ್ನು ಎಡಗಡೆಯ ಉರಿಗೆ ಸರಿಸಿದೆ. ಬಲಗಡೆಯಲ್ಲಿ ಬಂಗಡೆ ಬೆಂದಿತು. ವಾಸನೆಗೆ ನನಗೆ ಸ್ವಲ್ಪ ಹೊಟ್ಟೆ ತೊಳೆಸಿದ್ದು ನಿಜ. ಕಿಟಕಿಯ ಬಳಿ ನಿಂತುಕೊಂಡೆ. ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತಿತ್ತು. ಅಜ್ಜಿ ಇದ್ದಿದ್ದರೆ ಗಂಟು ಕಟ್ಟಿ ಅದೇ ಹೊತ್ತಿಗೆ ಊರಿಗೆ ಹೊರಡುತ್ತಿದ್ದರು. ಆದರೆ ಅದು ಅಜ್ಜಿಯ ಒಲೆಯಲ್ಲ, ನನ್ನದೂ ಅಲ್ಲ, ಮೇಡಂ ಅವರದೂ ಅಲ್ಲ. ನಾಲ್ಕು ದಿನದ ಬಾಡಿಗೆಯ ಒಲೆ. ಹಿಂದಿನ ವಾರ ಅದರ ಮೇಲೆ ಯಾರು ಏನು ಬೇಯಿಸಿದ್ದರೋ, ಮುಂದಿನ ವಾರ ಯಾರು ಬರುವರೋ. ಅಂಥ ಒಲೆ ನನ್ನ ಅಜ್ಜಿಗೆ ಸಿಕ್ಕಿರಲಿಲ್ಲ; ಸಿಕ್ಕಿದ್ದರೂ ಗೋಮಯ ಹಾಕಿ ಸಾರಿಸಿ ತನ್ನದನ್ನಾಗಿ ಮಾಡಿಕೊಳ್ಳದೆ ಬಿಡುತ್ತಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಒಡತಿ ಬಂದು ಜಗಲಿಯಲ್ಲಿ ಕೂತರು. ಮನೆಯನ್ನು ಬಾಡಿಗೆಗೆ ಕೊಡಲು ಶುರುಮಾಡಿ ಆರು ವರ್ಷವಾಯಿತಂತೆ. ತಾವು ಮಾತ್ರ ಇಷ್ಟು ವಯಸ್ಸಿಗೆ ಒಂದು ರಾತ್ರಿಯೂ ಬಾಡಿಗೆಯ ಮನೆಯಲ್ಲಿ ಮಲಗಿದವರಲ್ಲ. ನಮ್ಮ ಚೇಳೂರು ಹೇಗಿದೆ ಎಂದು ವಿಚಾರಿಸಿದರು. ಹಲಸಿನ ಕಾಲದಲ್ಲಿ ಮಾರುಕಟ್ಟೆಗೆ ಹೊರರಾಜ್ಯದ ಲಾರಿಗಳೂ ಬರುತ್ತವೆ, ಆ ಹುಡುಗರು ಲಾರಿಯ ಪಕ್ಕದಲ್ಲೇ ಅನ್ನ ಬೇಯಿಸಿಕೊಂಡು ಅಲ್ಲೇ ಮಲಗುತ್ತಾರೆ ಎಂದೆ.

‘ಹಾಗಾದರೆ ನಾನು ಬಂದರೆ ಎಲ್ಲಿ ಉಳಿಯುವುದು?’ ಎಂದರು.

‘ನಮ್ಮ ಮನೆಯಿಲ್ಲವೇ? ಸಿದ್ದು ಹಲಸಿನ ಕೆಂಪು ತೊಳೆ ತಿನ್ನಬೇಕು ನೀವು, ಬನ್ನಿ.’

‘ನನಗೆ ಮೀನಿಲ್ಲದೆ ಊಟ ಸೇರುವುದಿಲ್ಲವಲ್ಲ ಮಾರಾಯ್ತಿ. ಅಲ್ಲಿ ಸಿಗುತ್ತದಾ?’

‘ಕೆರೆ ಮೀನು ಸಿಗುತ್ತದೆ’ ಎಂದೆ. ನಮ್ಮ ಮನೆಯಲ್ಲಿ ಎಂಬತ್ತಾರರ ಅತ್ತೆ ಇದ್ದಾರೆ, ದೇವರ ಗೂಡು ಅಡುಗೆಮನೆಯಲ್ಲೇ ಇದೆ. ‘ಹಿತ್ತಲಲ್ಲಿ ಒಂದು ಒಲೆ ಹೂಡಿ ಕೊಡುತ್ತೇನೆ’ ಎಂದು ಸೇರಿಸಿದೆ.

‘ಅಡ್ಡಿಲ್ಲ’ ಎಂದರು ಒಡತಿ. ಮೇಡಂ ನನ್ನ ಮುಖವನ್ನೊಮ್ಮೆ ನೋಡಿ, ಎದ್ದು, ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಹೋದರು.